ಇಳಿದು ಬಂದವರು

ಡ್ರಿಲ್ ಮೇಷ್ಟ್ರು ಎದ್ದು ನಿಂತೇಬಿಟ್ಟರು.

ಡಾಕ್ಟರಮ್ಮನ ಎದೆ ಧಸಕ್ಕೆಂದಿತು. ಹೋದ ವಾರ ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ, ಈ ಮನುಷ್ಯನನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಲು ಅವರೂ ಸಿಸ್ಟರೂ ಸೇರಿ ಬೆವರು ಸುರಿಸಿದ್ದರು. ಇವತ್ತು ಅದೇ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗಡ್ಡ ನುಣ್ಣಗೆ ಬೋಳಿಸಿಕೊಂಡು, ಬಾಗಿಲಲ್ಲಿ ನಿಂತ ಅತಿಥಿಗೆ ಎದೆಯುಬ್ಬಿಸಿ ಕೈ ಮುಗಿಯುತ್ತಿದ್ದಾರೆ! ಒಂದು ಕಾಲದಲ್ಲಿ ಇಡೀ ಶಾಲೆಯನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ ದನಿ ಎಲ್ಲಿ ಅಡಗಿತ್ತೋ, ಇವತ್ತು ಹೊರಗೆ ಬಂದಿತ್ತು.

"ಬನ್ನಿ ಸಾರ್, ಬನ್ನಿ! ತಾವು ಬರ್ತೀರಿ ಅಂತ ಫೋನ್ ಬಂದಿತ್ತು. ಕೂತ್ಕೊಳ್ಳಿ. ನಾನು ನಿಂತೇ ಇರ್ತೀನಿ, ನಂಗೆ ಅಭ್ಯಾಸ."

ದತ್ತಿ ಸಂಸ್ಥೆಯ ಅಧಿಕಾರಿ ಕೂರಲಿಲ್ಲ. ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಮೇಷ್ಟ್ರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಆಮೇಲೆ ಅವರ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು. ಅದು ಜಾರಿತೋ, ಇವರೇ ಜಾರಿಸಿದರೋ ಎಂದು ಡಾಕ್ಟರಮ್ಮ ಯೋಚಿಸುವಷ್ಟರಲ್ಲಿ ಮೇಷ್ಟ್ರು ಸೊಂಟ ಬಗ್ಗಿಸಿ ಪೆನ್ನು ಎತ್ತಿಕೊಂಡು, ಮುಂದೆ ಬಂದು, ಅಧಿಕಾರಿಯ ಕೈಗೇ ಕೊಟ್ಟಾಗಿತ್ತು.

"ಥ್ಯಾಂಕ್ಸ್," ಎಂದರು ಅಧಿಕಾರಿ.

ಮೇಷ್ಟ್ರ ಮುಖ ಊರಗಲವಾಯಿತು. "ಎಲ್ಲಾ ಡಾಕ್ಟ್ರಮ್ಮನ ಕೈಗುಣ ಸಾರ್. ಮತ್ತೆ ಯಾವಾಗ ಬರ್ತೀರಿ?"

"ಸಂಸ್ಥೆ ಹಣ ಕೊಟ್ರೆ ವರ್ಷಕ್ಕೊಂದು ಸಲ ಬಂದು ನೋಡ್ತೀನಿ. ಕೊಡದಿದ್ರೆ ಬರೋ ಪ್ರಮೇಯ ಇಲ್ಲ."

ಅಷ್ಟು ಹೊತ್ತಿಗೆ ಮೇಷ್ಟ್ರ ಹೆಂಡತಿ ಡಾಕ್ಟರಮ್ಮನ ಮೊಣಕೈ ಹಿಡಿದು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋಗಿದ್ದರು. "ಬೈಬೇಡಿ ಡಾಕ್ಟ್ರೇ. ಮಧ್ಯಾಹ್ನದ ಮಾತ್ರೇನೂ ರಾತ್ರೀದೂ ಎಲ್ಲಾ ಬೆಳಗ್ಗೇನೇ ನುಂಗಿ ಕೂತಿದ್ದಾರೆ. ಇವತ್ತೊಂದು ದಿನ ಮೈ ಸಡಿಲಾದ್ರೆ ಸಾಕು, ಡಾಕ್ಟ್ರ ಮಾನದ ಪ್ರಶ್ನೆ ಅಂತಾರೆ. ನನ್ನ ಮಾತು ಯಾವತ್ತು ಕೇಳಿದ್ದಾರೆ, ಇವತ್ತು ಕೇಳೋಕೆ?"

ಬೈಯಲು ಡಾಕ್ಟರಮ್ಮನಿಗೆ ಬಾಯಿ ಬರಲಿಲ್ಲ. ಮೇಷ್ಟ್ರದು ನಡುಕದ ಕಾಯಿಲೆ. ಮೈಯೆಲ್ಲ ತುಕ್ಕು ಹಿಡಿದ ಬೀಗದ ಹಾಗೆ ಬಿಗಿದುಕೊಳ್ಳುತ್ತದೆ. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ಸಡಿಲ, ಆಮೇಲೆ ಮತ್ತೆ ಅದೇ. ಇಡೀ ದಿನದ ಮಾತ್ರೆಯನ್ನು ಒಂದೇ ಬಾರಿಗೆ ನುಂಗಿದ್ದರಿಂದ ಈಗ ಅವರ ಕತ್ತು ತಾನಾಗಿಯೇ ತೂಗುತ್ತಿತ್ತು, ಎಡಗಾಲು ತಾಳ ಹಾಕುತ್ತಿತ್ತು. ಬಲ್ಲವರಿಗೆ ಅದು ಔಷಧಿ ಮಿತಿ ಮೀರಿದ ಲಕ್ಷಣ. ಅಧಿಕಾರಿಯ ಕಣ್ಣಿಗೆ ಅದು ಹುರುಪು. "ಇನ್ನು ಮಾತ್ರೆ ಕೊಡ್ಬೇಡಿ. ಒಬ್ಬರನ್ನೇ ಎದ್ದೇಳೋಕೂ ಬಿಡ್ಬೇಡಿ. ಸಂಜೆ ಬಂದು ನೋಡ್ತೀನಿ," ಎಂದು ಹೇಳಿ ಡಾಕ್ಟರಮ್ಮ ಹೊರಬಂದರು. ಸಂಜೆಗೆ ಮೇಷ್ಟ್ರು ಮರದ ದಿಮ್ಮಿಯ ಹಾಗೆ ಬಿದ್ದುಕೊಂಡಿರುತ್ತಾರೆ. ಅದನ್ನು ನೋಡಲು ಆಗ ಅಧಿಕಾರಿ ಇರುವುದಿಲ್ಲ.

ಡಾಕ್ಟರಮ್ಮನಿಗೆ ಆ ಪೇಟೆಯಲ್ಲಿ 'ಮೆಟ್ಟಿಲು ಡಾಕ್ಟ್ರು' ಎಂದು ಹೆಸರು. ಮೆಟ್ಟಿಲು ಇಳಿಯಲಾಗದವರ ಮನೆಗೆ ತಾವೇ ಮೆಟ್ಟಿಲು ಹತ್ತಿ ಹೋಗುವ ಡಾಕ್ಟರು ಎಂದು ಅರ್ಥ. ಆಸ್ಪತ್ರೆಯ ದೊಡ್ಡ ಕೆಲಸ ಬಿಟ್ಟು ಈ ಹಳೆಯ ಕಾರು, ಒಬ್ಬ ಸಿಸ್ಟರು, ಎರಡು ಚೀಲ ಕಟ್ಟಿಕೊಂಡು ಹೊರಟಾಗ ಜೊತೆಯವರು ತಲೆ ಚಚ್ಚಿಕೊಂಡಿದ್ದರು. ಅವರೇನೂ ಸುಳ್ಳು ಹೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರು ಒಂದು ಹಾಲ್ ತುಂಬ ಜನರನ್ನು ನೋಡಿ ಕಳಿಸುವ ಹೊತ್ತಿನಲ್ಲಿ ಇವರದು ಒಂದು ಮನೆ ಮುಗಿಯುತ್ತದೆ. ರೋಗಿಗಳು ಕೊಡುವುದು ಪೆಟ್ರೋಲಿಗೇ ಸಾಲದು. ಇಷ್ಟು ದಿನ ಕೈ ಹಿಡಿದಿದ್ದ ಒಂದು ಕಂಪನಿ ಈ ವರ್ಷ ಬಹಳ ವಿನಯದಿಂದ ಕೈ ಬಿಟ್ಟಿತ್ತು. ಈಗ ಉಳಿದಿದ್ದು ಈ ದತ್ತಿ ಸಂಸ್ಥೆ ಒಂದೇ. ಅದೂ ಇಲ್ಲವೆಂದರೆ ಬರುವ ತಿಂಗಳ ಕೊನೆಗೆ ಬಾಗಿಲು ಹಾಕಬೇಕು. ಡಾಕ್ಟರಮ್ಮನಿಗೆ ಯಾವ ಆಸ್ಪತ್ರೆಯಾದರೂ ಕುರ್ಚಿ ಹಾಕಿ ಕೂರಿಸುತ್ತದೆ. ಆದರೆ ಅರವತ್ತು ಮನೆಗಳ ಮೆಟ್ಟಿಲನ್ನು ಆಮೇಲೆ ಯಾರು ಹತ್ತುತ್ತಾರೆ?

ಹಾಗೆಂದು ಅವರು ಹೆದರಿದವರಲ್ಲ. ಕಟ್ಟುಮಸ್ತಾದ ಹೆಂಗಸು, ಜೋರು ದನಿ, ತಮ್ಮ ಕೆಲಸದ ಮೇಲೆ ಅದಕ್ಕಿಂತ ಜೋರು ನಂಬಿಕೆ. "ನಮ್ಮ ಪೇಷೆಂಟ್‌ಗಳನ್ನ ನೋಡಿದ ಮೇಲೆ ಇಲ್ಲ ಅನ್ನೋಕೆ ಅವರಿಗೆ ನಾಲಗೆ ಏಳಬೇಕಲ್ಲ," ಎಂದು ನಿನ್ನೆಯಷ್ಟೇ ಹೇಳಿಕೊಂಡು ನಕ್ಕಿದ್ದರು.

ಕಾರು ಹೊರಟಿತು. ಡಾಕ್ಟರಮ್ಮನೇ ಓಡಿಸುತ್ತಿದ್ದರು. ಪಕ್ಕದಲ್ಲಿ ಅಧಿಕಾರಿ, ಹಿಂದೆ ಸಣ್ಣ ಆಕ್ಸಿಜನ್ ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡ ಸಿಸ್ಟರ್.

"ಅದು ಮಾತ್ರೆಯ ಆಟ," ಎಂದರು ಡಾಕ್ಟರಮ್ಮ. "ನಾಳೆ ಬಂದಿದ್ರೆ ಅವರು ಕಣ್ಣು ರೆಪ್ಪೆ ಆಡಿಸೋದನ್ನ ನೋಡೋಕೂ ನೀವು ಕಾಯ್ಬೇಕಿತ್ತು."

"ಇರಬಹುದು ಡಾಕ್ಟ್ರೇ. ಆದರೆ ಎಲ್ಲಾ ಕಡೇನೂ ನಂಗೆ ಹೀಗೇ ಹೇಳ್ತಾರೆ. ನೀವು ನಿನ್ನೆ ಬರ್ಬೇಕಿತ್ತು, ನಾಳೆ ಬರ್ಬೇಕಿತ್ತು." ಅಧಿಕಾರಿಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. "ಒಂದೂರಲ್ಲಿ ಒಬ್ಬರು ಕುತ್ತಿಗೆವರೆಗೂ ಹೊದ್ದು ಮಲಗಿ ನರಳ್ತಾ ಇದ್ರು. ವರ್ಷದಿಂದ ಎದ್ದಿಲ್ಲ ಅಂದ್ರು. ಪಾಪ ಅಂತ ಹೊದಿಕೆ ಸರಿಮಾಡೋಕೆ ಹೋದ್ರೆ ಕಾಲಲ್ಲಿ ಶೂ! ಅದರ ತುಂಬ ಹಸಿ ಕೆಸರು. ಅವತ್ತಿಂದ ನಾನು ನನ್ನ ಕಣ್ಣನ್ನ ಮಾತ್ರ ನಂಬೋದು."

ಹಿಂದಿನಿಂದ ಸಿಸ್ಟರ್ ಕಿಸಕ್ಕೆಂದಳು. ಡಾಕ್ಟರಮ್ಮ ಕನ್ನಡಿಯಲ್ಲಿ ಕಣ್ಣು ಬಿಟ್ಟರು. ಆದರೆ ಅವರಿಗೂ ಈ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಕಳ್ಳರನ್ನು ಹಿಡಿದು ಹಿಡಿದು ಕಣ್ಣು ಹಾಗೆ ಪಳಗಿದೆ. ಇಲ್ಲದ ಕಾಯಿಲೆ ತೋರಿಸುವವರನ್ನು ಕಂಡಿದ್ದಾರೆ. ಇರುವ ಕಾಯಿಲೆಯನ್ನು ಮುಚ್ಚಿಡುವವರು ಅವರಿಗೆ ಇದುವರೆಗೆ ಸಿಕ್ಕಿರಲಾರರು.

ಎರಡನೆಯದು ಲಾರಿ ಡ್ರೈವರನ ಮನೆ. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇಲ್ಲಿ ಎದ್ದು ನಿಲ್ಲುವ ಅಪಾಯವಿಲ್ಲ ಎಂದು ಡಾಕ್ಟರಮ್ಮ ಧೈರ್ಯವಾಗಿಯೇ ಒಳಗೆ ಹೋದರು. ನಿಂತಿರಲಿಲ್ಲ, ನಿಜ. ಆದರೆ ಕೋಣೆಯ ತುಂಬ ಸೆಂಟಿನ ವಾಸನೆ. ಹಾಸಿಗೆಗೆ ಮಡಿಕೆ ಮುರಿಯದ ಹೊಸ ಹೊದಿಕೆ. ಡ್ರೈವರ್ ಮೀಸೆ ತಿರುವಿ, ಕೂದಲಿಗೆ ಬಣ್ಣ ಹಚ್ಚಿಕೊಂಡು, ದಿಂಬಿಗೊರಗಿ ರಾಜನ ಹಾಗೆ ಕೂತಿದ್ದ. ಮಲಗಿ ಮಲಗಿ ಬೆನ್ನಿನಲ್ಲಾದ ಗಾಯ ತೋರಿಸು ಎಂದರೆ ಹೆಮ್ಮೆಯಿಂದ ತೋರಿಸಿದ. ಒಂದು ಕಾಲದಲ್ಲಿ ಮುಷ್ಟಿ ಹಿಡಿಯುವಷ್ಟು ಆಳವಿದ್ದ ಗಾಯ ಈಗ ಒಂದು ತಿಳಿಗುಲಾಬಿ ಕಲೆ. ಆ ಕಲೆಗಾಗಿ ಸಿಸ್ಟರ್ ಒಂದು ಇಡೀ ಬೇಸಿಗೆ ದಿನ ಬಿಟ್ಟು ದಿನ ಆ ಮನೆಗೆ ನಡೆದಿದ್ದಳು.

"ಇವರು ಹೊರಗೆ ಬರಲಾರರು, ಒಪ್ಪಿದೆ," ಎಂದರು ಅಧಿಕಾರಿ, ಹೊರಗೆ ಬಂದ ಮೇಲೆ. "ಆದರೆ ಇವರಿಗೆ ಡಾಕ್ಟರು ಯಾಕೆ ಬೇಕು? ಗಾಯ ವಾಸಿಯಾಗಿದೆ. ಮನುಷ್ಯ ನನಗಿಂತ ಚೆನ್ನಾಗಿದ್ದಾರೆ."

"ಚೆನ್ನಾಗಿಡೋದೇ ನಮ್ಮ ಕೆಲಸ ಸಾರ್! ನಾವು ಎರಡು ತಿಂಗಳು ಹೋಗದಿದ್ರೆ ಅದೇ ಗಾಯ ಬಾಯಿ ತೆರೆಯುತ್ತೆ. ಆಸ್ಪತ್ರೆಗೆ ಹೋಗದೆ ಉಳಿದಿದ್ದಾರಲ್ಲ, ಅದನ್ನ ನಿಮಗೆ ಹೇಗೆ ತೋರಿಸ್ಲಿ?"

"ಅದೇ ನನ್ನ ಕಷ್ಟಾನೂ. ಆಗದೇ ಇರೋದನ್ನ ನಾನು ಹೇಗೆ ನೋಡ್ಲಿ?" ಅಷ್ಟರಲ್ಲಿ ಅಧಿಕಾರಿಯ ಫೋನು ಹೊಡೆದುಕೊಂಡಿತು. ಮಾತಾಡುತ್ತ ರಸ್ತೆಯ ಆಚೆ ಬದಿಗೆ ಹೋದರು.

ಡಾಕ್ಟರಮ್ಮ ಹಿಂದಕ್ಕೆ ತಿರುಗಿದರು. "ಏನಂತ ಫೋನ್ ಮಾಡಿದ್ದೆ ನೀನು ಎಲ್ಲರಿಗೂ? ಮದುವೆಗೆ ಬರ್ತಿದ್ದೀವಿ ಅಂತಾನಾ?"

ಸಿಸ್ಟರ್ ಡಾಕ್ಟರಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. "ನೀವು ಹೇಳಿದ್ದನ್ನೇ ಹೇಳ್ದೆ. ದುಡ್ಡು ಕೊಡೋರು ಬರ್ತಾರೆ, ನಮ್ಮ ಮರ್ಯಾದೆ ನಿಮ್ಮ ಕೈಲಿದೆ, ಚೆನ್ನಾಗಿ ಕಾಣಿಸ್ಕೊಳ್ಳಿ ಅಂತ. 'ಯಾರ ಮನೇಲೂ ಗೋಳು ಕಾಣಬಾರದು, ಗೋಳು ಮಾರಿ ದುಡ್ಡು ತರೋಳಲ್ಲ ನಾನು' ಅಂದೋರು ಯಾರು? ಗೋಡೆಗೆ ಹೇಳಿದ್ರಾ, ನಂಗೆ ಹೇಳಿದ್ರಾ?"

ಅಂದವರು ಡಾಕ್ಟರಮ್ಮನೇ. ಆ ಮಾತು ಆಡುವಾಗ ಎಷ್ಟು ಹಿತವಾಗಿತ್ತೆಂಬುದೂ ನೆನಪಿತ್ತು.

"ಟೈಲರಮ್ಮನಿಗೂ ಹೇಳಿದ್ಯಾ?"

"ಹೇಳಿದ್ದೀನಿ. ಅವ್ರೇನು ಮಾಡ್ತಾರೆ ಪಾಪ, ಮೂರನೇ ಮಹಡಿ, ಲಿಫ್ಟಿಲ್ಲ. ಹಾಸಿಗೆಯಿಂದ ಬಾತ್‌ರೂಮಿಗೆ ಹೋಗಿ ಬರೋಷ್ಟ್ರಲ್ಲಿ ಉಸಿರು ಎಳ್ಕೊಳೋರು. ಬೇಕಂದ್ರೂ ಹುಷಾರಾಗಿ ಕಾಣೋಕಾಗಲ್ಲ ಅವ್ರಿಗೆ."

ಅದು ನಿಜ. ಟೈಲರಮ್ಮನ ಹೃದಯ ಸೋತು ವರ್ಷಗಳಾಗಿದ್ದವು. ಕಾಲಿನಲ್ಲಿ ನೀರು, ಶ್ವಾಸಕೋಶದಲ್ಲಿ ನೀರು. ಔಷಧಿಯ ಮೇಲೆ ಔಷಧಿ ಕೊಟ್ಟು ಡಾಕ್ಟರಮ್ಮ ಅವರನ್ನು ಹೇಗೋ ದಡದಲ್ಲಿ ನಿಲ್ಲಿಸಿದ್ದರು. ಆ ಮೂರನೇ ಮಹಡಿಗೆ ಏರಿದ ಮೇಲೆ ಅಧಿಕಾರಿಗೆ ಬೇರೆ ಮಾತೇ ಬೇಕಾಗುವುದಿಲ್ಲ. ಅಧಿಕಾರಿ ಬಂದು ಕೂತ ಮೇಲೆ ಡಾಕ್ಟರಮ್ಮ ಗೇರು ಹಾಕಿದರು. ಕಳೆದುಕೊಂಡಿದ್ದ ಧೈರ್ಯ ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ಪೂರ್ತಿ ಮರಳಿ ಬಂದಿತ್ತು.

ತಿರುವು ದಾಟಿದ ಕೂಡಲೇ ಸಿಸ್ಟರ್ ಹಿಂದಿನಿಂದ, "ಅಯ್ಯೋ ಡಾಕ್ಟ್ರೇ," ಎಂದಳು.

ಕಟ್ಟಡದ ಕೆಳಗೆ, ಸೈಕಲ್ ರಿಪೇರಿ ಅಂಗಡಿಯ ಮುಂದೆ, ಕೈಯಿರುವ ಒಂದು ಮರದ ಕುರ್ಚಿಯಲ್ಲಿ ಟೈಲರಮ್ಮ ಕೂತಿದ್ದರು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಮಡಿಲಲ್ಲಿ ಕೈ ಜೋಡಿಸಿಟ್ಟುಕೊಂಡು, ಫೋಟೋಕ್ಕೆ ಕೂತವರ ಹಾಗೆ ನೆಟ್ಟಗೆ.

"ಇವರೇನಾ?" ಎಂದರು ಅಧಿಕಾರಿ. "ಮೂರನೇ ಮಹಡಿಯವರು?"

ಕಾರು ನಿಲ್ಲುವ ಮೊದಲೇ ಸಿಸ್ಟರ್ ಬಾಗಿಲು ತೆಗೆದಿದ್ದಳು.

"ಬನ್ನಿ... ಬನ್ನಿ ಸಾರ್," ಎಂದರು ಟೈಲರಮ್ಮ. ಒಂದೊಂದು ಮಾತಿನ ನಡುವೆಯೂ ಉಸಿರು ಅಡ್ಡ ಬರುತ್ತಿತ್ತು. "ನಿಮ್ಮನ್ನ... ಮೇಲೆ ಹತ್ತಿಸೋದು ಯಾಕೆ ಅಂತ... ನಾನೇ ಇಳಿದು ಬಂದೆ. ನೋಡಿ ಡಾಕ್ಟ್ರಮ್ಮ... ನಿಮ್ಮ ಔಷಧಿ!"

ಡಾಕ್ಟರಮ್ಮ ಅವರ ಕೈ ಹಿಡಿದರು. ಬೆರಳು ತಣ್ಣಗಿದ್ದವು, ತುಟಿಯ ಅಂಚು ನೀಲಿ. ಮುಖದಲ್ಲಿ ಮಾತ್ರ, ಯಾರೂ ಕೇಳದಿದ್ದ ದೊಡ್ಡದೊಂದು ಉಡುಗೊರೆಯನ್ನು ಹೊತ್ತು ತಂದವರ ಹೆಮ್ಮೆ. ಆ ಮುಖ ನೋಡಿ ಡಾಕ್ಟರಮ್ಮನಿಗೆ ಅಳು, ಸಿಟ್ಟು, ಪ್ರೀತಿ ಎಲ್ಲವೂ ಒಟ್ಟಿಗೆ ಬಂದವು. ಇಷ್ಟು ವರ್ಷ ತಾನು ಇವರಿಗೆ ಕೊಡುತ್ತಾ ಬಂದಿದ್ದೇನೆ ಎಂದುಕೊಂಡಿದ್ದರು. ಇವರು ಅದನ್ನು ಲೆಕ್ಕವಿಟ್ಟುಕೊಂಡು, ಸಮಯ ಕಾದು, ಒಂದೇ ದಿನ ತೀರಿಸಲು ಹೊರಟಿದ್ದಾರಲ್ಲ!

ಸಿಸ್ಟರ್ ಆಗಲೇ ಸಿಲಿಂಡರಿನ ಕೊಳವೆಯನ್ನು ಟೈಲರಮ್ಮನ ಮೂಗಿಗೆ ಸಿಕ್ಕಿಸಿ ಆಗಿತ್ತು. ಡಾಕ್ಟರಮ್ಮ ರಸ್ತೆಯಲ್ಲೇ ಮಂಡಿಯೂರಿ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಒಳಗೆ ನೀರಿನ ಸದ್ದು, ಹೋದ ವಾರಕ್ಕಿಂತ ಜಾಸ್ತಿ. ಆದರೂ ಆಸ್ಪತ್ರೆಗೆ ಓಡುವಷ್ಟಲ್ಲ. ಈಗ ಸರಿಯಾಗಿ ಕೈ ಹಾಕಿದರೆ ಮನೆಯಲ್ಲೇ ಹತೋಟಿಗೆ ಬರುತ್ತದೆ. ಸೈಕಲ್ ಅಂಗಡಿಯವನು ಟ್ಯೂಬು ಅದ್ದುವ ನೀರಿನ ಬೋಗುಣಿಯನ್ನು ಕಾಲಿನಿಂದ ಸರಿಸಿ ಜಾಗ ಮಾಡಿಕೊಟ್ಟ. "ನಾನು ಬಾಗಿಲು ತೆಗೆಯೋಕೆ ಬಂದಾಗ ಕೊನೇ ಮೆಟ್ಟಿಲಲ್ಲಿ ಕೂತಿದ್ರು ಡಾಕ್ಟ್ರೇ. ಎತ್ತಿ ಕುರ್ಚೀಲಿ ಕೂರಿಸ್ದೆ. ಮೇಲೆ ಬಿಡ್ಲಾ ಅಂದ್ರೆ ಬೇಡ, ಜನ ಬರ್ತಾರೆ ಅಂದ್ರು."

ಡಾಕ್ಟರಮ್ಮ ತೋಳಿನ ನರ ಹುಡುಕಿ ನೀರಿಳಿಸುವ ಇಂಜೆಕ್ಷನ್ ಕೊಟ್ಟರು. ಎದ್ದು ಕೈ ಒರೆಸಿಕೊಳ್ಳುವಾಗ ಅಧಿಕಾರಿ ಅವರನ್ನು ಒಂದು ಹೆಜ್ಜೆ ಈಚೆಗೆ ಕರೆದರು. ದನಿ ತಗ್ಗಿಸಿ, ತುಸು ಕಷ್ಟಪಟ್ಟುಕೊಂಡೇ ಕೇಳಿದರು:

"ಡಾಕ್ಟ್ರೇ, ಮನೆ ಬಿಟ್ಟು ಬರಲಾಗದವರಿಗೆ ಮಾತ್ರ ಅನ್ನೋದು ನಮ್ಮ ನಿಯಮ. ಇವರು ಬೀದೀಲಿ ಕೂತಿದ್ದಾರೆ. ನಾನು ಏನಂತ ಬರೀಲಿ, ನೀವೇ ಹೇಳಿ."

ಹೇಳಲು ಬೇಕಾದಷ್ಟಿತ್ತು. ಈ ಇಳಿದು ಬರುವ ಹುಚ್ಚುಸಾಹಸಕ್ಕೆ ಆಕೆಯ ಹೃದಯ ಎಷ್ಟು ಬೆಲೆ ತೆತ್ತಿದೆ, ಇನ್ನೊಂದು ಸಲ ಹೀಗೆ ಮಾಡಿದರೆ ಏನಾಗುತ್ತದೆ, ಎಲ್ಲವನ್ನೂ ಸೈನ್ಸಿನ ಸಮೇತ ಒಂದೇ ಉಸಿರಿನಲ್ಲಿ ಒದರಿಬಿಡಬಹುದಿತ್ತು. ಟೈಲರಮ್ಮ ಅಲ್ಲೇ ಕೂತು ಇವರನ್ನೇ ನೋಡುತ್ತಿದ್ದರು. ಮೂಗಿನ ಕೊಳವೆಯನ್ನು ಬೆರಳಿನಿಂದ ಸರಿಮಾಡಿಕೊಂಡು, ಇದೇನು ಮಹಾ ಎನ್ನುವ ಹಾಗೆ ನಗಲು ನೋಡುತ್ತಿದ್ದರು. ಅವರ ಎದುರಿಗೆ ಅವರ ಉಡುಗೊರೆಯನ್ನು ಬೀದಿಗೆ ಎಸೆಯಲು ಡಾಕ್ಟರಮ್ಮನಿಂದ ಆಗಲಿಲ್ಲ. ಹಣ ಹೋದರೆ ಹೋಗಲಿ ಎಂದು ಅನಿಸಿತೇ? ಇಲ್ಲ, ಹಾಗೇನೂ ಅನಿಸಲಿಲ್ಲ. ಹಣ ಬೇಕೇ ಬೇಕಿತ್ತು. ಆದರೆ ಹೀಗೆ ಬೇಡವಾಗಿತ್ತು.

"ನಿಮ್ಮ ಕಣ್ಣಿಗೆ ಕಂಡಿದ್ದನ್ನೇ ಬರೀರಿ ಸಾರ್," ಎಂದರು. "ಆದರೆ ಆಮೇಲೆ. ಈಗ ಕುರ್ಚಿ ಹಿಡೀರಿ."

"ಯಾವ ಕುರ್ಚಿ?"

"ಇವರನ್ನ ಮೇಲೆ ಹೊತ್ಕೊಂಡು ಹೋಗ್ಬೇಕು. ಈಗ ಕೊಟ್ಟಿರೋ ಇಂಜೆಕ್ಷನ್ ಮೈಯಲ್ಲಿರೋ ನೀರನ್ನೆಲ್ಲ ಇಳಿಸುತ್ತೆ. ಇನ್ನು ಸ್ವಲ್ಪ ಹೊತ್ತಿಗೆ ಅವರಿಗೆ ಬಾತ್‌ರೂಮು ಬೇಕು, ತಕ್ಷಣ ಬೇಕು. ಇರೋದು ಮೂರನೇ ಮಹಡೀಲಿ. ಸಿಸ್ಟರ್ ಸಿಲಿಂಡರ್ ಹಿಡೀಬೇಕು. ಉಳಿದಿರೋದು ನಾವು ಮೂವರು."

ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಆಮೇಲೆ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿದರು. ಕೊನೆಗೆ ಶರ್ಟಿನ ತೋಳು ಮಡಚಿಕೊಂಡರು.

ಸೈಕಲ್ ಅಂಗಡಿಯವನು ಕುರ್ಚಿಯ ಬೆನ್ನು ಹಿಡಿದು, ಹಿಮ್ಮುಖವಾಗಿ ಮೆಟ್ಟಿಲೇರತೊಡಗಿದ. ಕೆಳಗಿನಿಂದ ಮುಂದಿನ ಒಂದು ಕಾಲಿಗೆ ಡಾಕ್ಟರಮ್ಮ, ಇನ್ನೊಂದು ಕಾಲಿಗೆ ಅಧಿಕಾರಿ. ಹೀಗಾಗಿ ಟೈಲರಮ್ಮನ ಮುಖ ಸರಿಯಾಗಿ ಅಧಿಕಾರಿಯ ಮುಖಕ್ಕೆ ಎದುರಾಯಿತು. ಭಾರವೆಲ್ಲ ಕೆಳಗಿನವರ ಮೇಲೆ. ಓಣಿಯಂಥ ಮೆಟ್ಟಿಲು, ಎರಡೂ ಕಡೆ ಮೊಣಕೈ ಗೋಡೆಗೆ ಉಜ್ಜುತ್ತಿತ್ತು. ಮೊದಲನೆಯ ತಿರುವಿಗೇ ಅಧಿಕಾರಿಯ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ಟೈಲರಮ್ಮನಿಗೆ ಗೊತ್ತಿರಲಿಲ್ಲ. ಹೊತ್ತುಕೊಂಡು ಹೋಗುತ್ತಿರುವವರನ್ನೂ ಸುಮ್ಮನೆ ಬಿಡಲಿಲ್ಲ.

"ನಿಮ್ಮ ಶರ್ಟು... ಯಾರು ಹೊಲಿದಿದ್ದು?"

"ರೆಡಿಮೇಡ್..." ಎಂದರು ಅಧಿಕಾರಿ ಏದುಸಿರು ಬಿಡುತ್ತ.

"ಅದಕ್ಕೇ. ಭುಜ ಇಳಿದಿದೆ. ನಿಮ್ಮಂಥ ಉದ್ದದೋರಿಗೆ... ರೆಡಿಮೇಡ್ ಕೂರಲ್ಲ. ತೋಳು ಎತ್ತಿದ್ರೆ... ಹೊಟ್ಟೆ ಕಾಣುತ್ತೆ ನೋಡಿ."

ಅಧಿಕಾರಿಯ ಎರಡೂ ಕೈ ಕುರ್ಚಿಯ ಕಾಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ಶರ್ಟು ಎಳೆದುಕೊಳ್ಳಲು ಆಗಲಿಲ್ಲ. ಸಿಸ್ಟರ್ ಸಿಲಿಂಡರಿನ ಹಿಂದೆ ಮುಖ ಮರೆಸಿಕೊಂಡಳು.

ಮೊದಲನೇ ಮಹಡಿಯಲ್ಲಿ ಕುರ್ಚಿ ಇಳಿಸಿದ ಸದ್ದಿಗೆ ಒಂದು ಬಾಗಿಲು ತೆರೆಯಿತು. ದಪ್ಪ ಕನ್ನಡಕದ ಹೆಂಗಸೊಬ್ಬರು ಒದ್ದೆ ಕೈಯಲ್ಲೇ ಹೊರಗೆ ಬಂದು ಹಾಗೇ ನಿಂತುಬಿಟ್ಟರು.

"ಟೈಲರಮ್ಮ? ನೀವು... ಇಲ್ಲೇ ಇದ್ದೀರಾ?"

"ಎಲ್ಲಿಗೆ ಹೋಗ್ಲಿ ನಾನು!"

"ಮಿಷನ್ ಸದ್ದು ನಿಂತು ಎಷ್ಟು ಕಾಲ ಆಯ್ತು! ಮಗಳೊಬ್ಬಳೇ ಹೋಗೋದು ಬರೋದು ಕಾಣ್ತಿತ್ತು. ಕೇಳೋಕೆ ನನಗೇ ಭಯ ಆಗಿ..." ಆ ಹೆಂಗಸು ಒದ್ದೆ ಕೈಯಲ್ಲೇ ಟೈಲರಮ್ಮನ ಕೆನ್ನೆ ಮುಟ್ಟಿದರು. "ಎರಡು ಮಹಡಿ ಮೇಲೆ ಇದ್ದೀರಿ! ದೇವರೇ, ಎರಡೇ ಎರಡು ಮಹಡಿ!"

"ಈ ಸಾರ್ ಬಂದಿದ್ದಾರಲ್ಲ... ಅದಕ್ಕೇ ಇಳಿದಿದ್ದೆ," ಎಂದು ಟೈಲರಮ್ಮ ಅತಿಥಿಯನ್ನು ಪರಿಚಯ ಮಾಡಿಸಿದರು. ಬೆವರಿನಲ್ಲಿ ತೊಯ್ದಿದ್ದ ಅತಿಥಿ ಗೋಡೆಗೊರಗಿ ನಿಂತು ತಲೆಯಾಡಿಸಿದರು. ಅವರು ಮತ್ತೆ ಗಡಿಯಾರ ನೋಡಲಿಲ್ಲ ಎನ್ನುವುದು ಡಾಕ್ಟರಮ್ಮನ ಗಮನಕ್ಕೆ ಬಂತು. ಆದರೆ ಅದರಿಂದ ಏನನ್ನೂ ಊಹಿಸಲು ಹೋಗಲಿಲ್ಲ. ಅವರ ತೋಳೂ ಬಿದ್ದುಹೋಗುವ ಹಾಗಿತ್ತು.

ಎರಡನೇ ಮಹಡಿಗೆ ಏರುವಾಗ ಟೈಲರಮ್ಮನ ಮಾತು ಕಡಿಮೆಯಾಯಿತು. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು, ಬಾಗಿ, ಡಾಕ್ಟರಮ್ಮನ ಕಿವಿಗೆ ಏನೋ ಹೇಳಿದರು.

"ಶುರುವಾಯ್ತು," ಎಂದರು ಡಾಕ್ಟರಮ್ಮ. "ನಡೀರಿ, ನಡೀರಿ! ಇಲ್ಲಿ ನಿಲ್ಲೋದು ಬೇಡ."

ಅಧಿಕಾರಿ ಹಲ್ಲು ಕಚ್ಚಿದರು. "ಅಮ್ಮ, ಇನ್ನೊಂದು ಸ್ವಲ್ಪ, ತಡ್ಕೊಳ್ಳಿ," ಎಂದು ಅವರೇ ಹೇಳಿದ್ದು ಕೇಳಿ ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಕೊನೆಯ ಮೆಟ್ಟಿಲ ಸಾಲನ್ನು ಅವರು ಹೇಗೆ ಹತ್ತಿದರೋ ಯಾರಿಗೂ ನೆನಪಿಲ್ಲ. ಎಡವಿದರು, ಸೈಕಲ್ ಅಂಗಡಿಯವನು ಬೈದ, ಯಾರಿಗೆ ಬೈದನೋ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಸಿಸ್ಟರ್ ಕಾಲಿನಿಂದ ಅದನ್ನು ತಳ್ಳಿ, ಟೈಲರಮ್ಮನನ್ನು ತಬ್ಬಿ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಬಾತ್‌ರೂಮಿನ ಚಿಲಕ ಬಿದ್ದಾಗ ಹೊರಗೆ ಉಳಿದ ಮೂವರೂ ಗೆದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೈಕಲ್ ಅಂಗಡಿಯವನು ಗಿರಾಕಿ ಕಾಯುತ್ತಾರೆಂದು ಇಳಿದುಹೋದ. ಅಧಿಕಾರಿ ಎಲ್ಲಿ ಕೂರುವುದೆಂದು ಸುತ್ತ ನೋಡಿ, ಕೊನೆಗೆ ನೆಲದ ಮೇಲೇ ಕೂತರು. ಒಂದೇ ಕೋಣೆ. ನೀರಿನ ಬಾಟಲಿ, ಫ್ಲಾಸ್ಕು, ಫೋನು, ಬೆನ್ನು ತುರಿಸಿಕೊಳ್ಳುವ ಕೋಲು, ಎಲ್ಲವೂ ಹಾಸಿಗೆಯಿಂದ ಕೈಗೆ ಎಟಕುವ ಹಾಗೆ ಇದ್ದವು. ಕೋಣೆಯ ಉಳಿದ ಭಾಗವನ್ನು ಯಾರೂ ಬಳಸಿದ ಗುರುತಿರಲಿಲ್ಲ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಅದರ ಹಲಗೆಯ ಮೇಲೆ ಈಗ ಔಷಧಿಯ ಡಬ್ಬಿಗಳು. ಡಾಕ್ಟರಮ್ಮ ನೀರು ಕೊಟ್ಟರು. ಅಧಿಕಾರಿ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು.

ಟೈಲರಮ್ಮ ಹೊರಗೆ ಬಂದು ದಿಂಬಿಗೊರಗಿ ಕೂತ ಮೇಲೆ ಉಸಿರು ಒಂದು ಹದಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ತುಟಿಯ ಬಣ್ಣ ಮರಳುತ್ತಿತ್ತು. ಡಾಕ್ಟರಮ್ಮ ಬಿಪಿ ಪಟ್ಟಿ ಸುತ್ತತೊಡಗಿದರು.

"ಹೇಗಮ್ಮ ಇಳಿದ್ರಿ?" ಅಧಿಕಾರಿ ನೆಲದಿಂದಲೇ ಕೇಳಿದರು.

"ಕೂತ್ಕೊಂಡು. ಒಂದು ಮೆಟ್ಟಿಲು ಇಳಿಯೋದು, ಸುಧಾರಿಸ್ಕೊಳ್ಳೋದು. ಮಗಳು ಫ್ಯಾಕ್ಟರಿಗೆ ಹೊರಟ ಕೂಡ್ಲೇ ಶುರು ಮಾಡ್ದೆ. ಅವಳಿಗೆ ಹೇಳ್ಬೇಡಿ ಮತ್ತೆ."

"ಬಿದ್ದಿದ್ರೆ?"

"ಬೀಳಲಿಲ್ವಲ್ಲ."

"ಆದ್ರೂ, ಯಾಕೆ ಇಳಿದ್ರಿ?"

ಟೈಲರಮ್ಮನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. "ಅಷ್ಟು ದೂರದಿಂದ ನೋಡೋಕೆ ಬರ್ತೀರಿ. ಇವಳು ಹಾಸಿಗೇಲಿ ಬಿದ್ದಿರೋದು ನೋಡಿ, ಈ ಡಾಕ್ಟ್ರು ಇಷ್ಟು ದಿನ ಏನ್ ಮಾಡಿದ್ರು ಅಂತ ನೀವು ಅಂದ್ಕೊಂಡ್ರೆ? ವಾರ ವಾರ ಹತ್ತಿ ಬರೋರು ಅವ್ರು. ಒಂದು ದಿನ ನಾನು ಇಳಿದ್ರೆ ಏನಾಯ್ತು?"

ಅಧಿಕಾರಿ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಕುರ್ಚಿಯ ಕಾಲಿನ ಅಂಚು ಎರಡರಲ್ಲೂ ಕೆಂಪಗೆ ಬರೆ ಎಳೆದಿತ್ತು.

"ಬರೋ ವರ್ಷ ಬರ್ತೀರಲ್ಲ ಸಾರ್?" ಎಂದರು ಟೈಲರಮ್ಮ. "ಆಗ್ಲೂ ಇಳಿದು ಬರ್ತೀನಿ. ಇನ್ನೂ ಬೇಗ ಇಳೀತೀನಿ, ನೋಡ್ತಿರಿ."

ಬಿಪಿಯ ರಬ್ಬರ್ ಉಂಡೆ ಒತ್ತುತ್ತಿದ್ದ ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು.

"ಬೇಡಮ್ಮ," ಎಂದರು ಅಧಿಕಾರಿ. ಗೋಡೆಗೆ ಕೈ ಊರಿ ನೆಲದಿಂದ ಎದ್ದರು.

"ನೀವು ಇಳೀಬೇಡಿ. ನಾನೇ ಹತ್ತಿ ಬರ್ತೀನಿ."

ಡಾಕ್ಟರಮ್ಮ ಸಿಸ್ಟರ್ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಅಳು ಬರುತ್ತಿತ್ತು, ಆ ಅಳು ಈ ಹೊತ್ತಿನಲ್ಲಿ ಯಾರಿಗೂ ಬೇಡವಾಗಿತ್ತು. ಉಂಡೆಯನ್ನು ಮತ್ತೆ ಮೊದಲಿನಿಂದ ಒತ್ತಿ, ಪಾದರಸ ಇಳಿಯುವುದನ್ನು ಬಹಳ ಗಮನವಿಟ್ಟು ನೋಡಿದರು. ಇನ್ನೂ ಒಂದು ಗಂಟೆ ಇಲ್ಲೇ ಇದ್ದು ಉಸಿರು ನೋಡಿಕೊಳ್ಳುವಂತೆ ಸಿಸ್ಟರಿಗೆ ಹೇಳಿ, ಅಧಿಕಾರಿಯ ಜೊತೆ ಹೊರಟರು.

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ಆ ದಪ್ಪ ಕನ್ನಡಕದ ಹೆಂಗಸು ಎದುರಾದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಮಂಡಿಯ ಮೇಲೆ ಊರಿ ಹತ್ತುತ್ತಿದ್ದರು. ಅಧಿಕಾರಿ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ಬಾಗಿಲು ತೆಗೆದಿದೆಯಾ?" ಎಂದು ಆಕೆ ಕೇಳಿದರು.

"ತೆಗೆದೇ ಇದೆ, ಹೋಗಿ," ಎಂದರು ಡಾಕ್ಟರಮ್ಮ.

ಆಕೆ ಒಂದು ಕ್ಷಣ ನಿಂತು ದಣಿವಾರಿಸಿಕೊಂಡು, ಮತ್ತೆ ಹತ್ತತೊಡಗಿದರು.